ಉಗುರಿನಷ್ಟು ಕಾಣುವ ಕವರ್‌ಗೆ ಇಷ್ಟು ತಲೆಬಿಸಿ ಬೇಕಾ?

ಪ್ರಶ್ನೆ: ನಮಸ್ತೆ ಮೇಡಂ. ನಾನು ಸಾಗರದ ಹತ್ತಿರದ ಹಳ್ಳಿಯವನು, ಈಗ ಬೆಂಗಳೂರಿನಲ್ಲಿ ಕೆಲಸ. ಗೆಳೆಯರ ಜೊತೆ ಸೇರಿ ಐದು ಕನ್ನಡ ಪಾಪ್ ಹಾಡುಗಳ ಆಲ್ಬಂ ಮಾಡಿದ್ದೇನೆ. ಮೊದಲ ಹಾಡು ಮಳೆಗಾಲದ್ದು, ಮಧ್ಯದ್ದು ಅಮ್ಮನ ಫೋನ್ ಬಗ್ಗೆ, ಕೊನೆಯದು ರಾತ್ರಿ ಬಸ್ಸಿನಲ್ಲಿ ಊರು ಬಿಡುವುದರ ಬಗ್ಗೆ. ಕವರ್‌ಗೆ ಒಬ್ಬ ಜೋಗದ ಫೋಟೋ ಹಾಕು ಅಂತಾನೆ. ಇನ್ನೊಬ್ಬ ಗಿಟಾರ್ ಹಿಡಿದ ನಿನ್ನ ಫೋಟೋನೇ ಸಾಕು ಅಂತಾನೆ. ಮತ್ತೊಬ್ಬ ಎಐ ಹತ್ರ ಮಾಡಿಸು, ಎರಡು ನಿಮಿಷದ ಕೆಲಸ ಅಂತಾನೆ. ಎಲ್ಲರೂ ಫೋನಿನಲ್ಲೇ ಹಾಡು ಕೇಳುವ ಈ ಕಾಲದಲ್ಲಿ ಕವರ್ ನಿಜವಾಗಿಯೂ ಹಾಡಿನ ಅರ್ಥವನ್ನು ಬದಲಿಸುತ್ತದಾ? ಬದಲಿಸುವುದಾದರೆ ನಾನು ಏನು ಹಾಕಲಿ?
(ಸಾಗರ ತಾಲ್ಲೂಕಿನ ಓದುಗ)

ಉತ್ತರ: ಬದಲಿಸುತ್ತದೆ. ಫೋನಿನಲ್ಲಿ ಉಗುರಿನಷ್ಟು ಕಂಡರೂ ಬದಲಿಸುತ್ತದೆ.

ನಿಮ್ಮ ಗೆಳೆಯರು ಮೂವರೂ ಯೋಚಿಸಿರುವುದು ಒಂದೇ ವಿಷಯ: ಯಾವುದು ಚೆನ್ನಾಗಿ ಕಾಣುತ್ತದೆ? ನಾನು ಕ್ಯಾಸೆಟ್ ಕಾಲದಿಂದ ಕವರ್ ಮಾಡುತ್ತಾ ಬಂದಿದ್ದೇನೆ. ಕೆಲಸಕ್ಕೆ ಕೂತಾಗ ನಾನು ಮೊದಲು ಕೇಳಿಕೊಳ್ಳುವುದು ಬೇರೆ. ಈ ಹಾಡು ಹೇಳುತ್ತಿರುವವನು ಎಲ್ಲಿ ನಿಂತಿದ್ದಾನೆ? ಅವನನ್ನು ನೋಡುತ್ತಿರುವವರು ಯಾರು? ಪಾಪ್ ಹಾಡುಗಳಲ್ಲಿ ಬಹುಪಾಲು ಬರೀ ‘ನಾನು’, ‘ನೀನು’. ಆ ನಾನು ಯಾರು, ನೀನು ಯಾರು ಅಂತ ಹಾಡು ಬಿಡಿಸಿ ಹೇಳುವುದಿಲ್ಲ. ಹೇಳಲು ಹೋದರೆ ಹಾಡೇ ಕೆಡುತ್ತದೆ. ಆ ಕೆಲಸವನ್ನು ಕವರ್ ಮಾಡುತ್ತದೆ, ಅದೂ ಹಾಡು ಶುರುವಾಗುವ ಮೊದಲೇ.

ಇದು ಈಗಿನವರ ಐಡಿಯಾ ಅಲ್ಲ. ಮೊದಲೆಲ್ಲ ರೆಕಾರ್ಡುಗಳು ಕಂದು ಬಣ್ಣದ ಸಪ್ಪೆ ಹೊದಿಕೆಯಲ್ಲಿ ಬರುತ್ತಿದ್ದವು, ಮೇಲೆ ಹೆಸರು ಬಿಟ್ಟರೆ ಏನೂ ಇಲ್ಲ. 1940ರ ಹೊತ್ತಿಗೆ ಅಮೆರಿಕದ ಕೊಲಂಬಿಯಾ ಕಂಪನಿಯಲ್ಲಿ ಅಲೆಕ್ಸ್ ಸ್ಟೈನ್‌ವೈಸ್ ಎಂಬ ಹುಡುಗ ವಯಸ್ಸಿನ ಡಿಸೈನರ್ ಇದನ್ನು ಬದಲಿಸಿದರು. ನಾಟಕದ ಹಾಡುಗಳ ಒಂದು ಸೆಟ್ಟಿಗೆ ಅವರು ಹಾಡುಗಾರರ ಫೋಟೋ ಹಾಕಲಿಲ್ಲ. ನ್ಯೂಯಾರ್ಕಿನ ಥಿಯೇಟರೊಂದರ ಮುಂದಿನ ದೀಪದ ಬೋರ್ಡಿನಲ್ಲಿ ಆ ಆಲ್ಬಮ್ಮಿನ ಹೆಸರನ್ನೇ ಜೋಡಿಸಿಸಿ, ಬೋರ್ಡಿನ ಫೋಟೋ ತೆಗೆಸಿದರು. ಅಂದರೆ ಕೇಳುಗ ಮನೆಯಲ್ಲಿ ಕೂತಿದ್ದರೂ ಥಿಯೇಟರ್ ಬಾಗಿಲಲ್ಲಿ ನಿಂತಿದ್ದಾನೆ, ಇನ್ನೇನು ಒಳಗೆ ಹೋಗಬೇಕು. ಹಾಡಿಗೆ ಮೊದಲು ಕೇಳುಗನಿಗೊಂದು ಜಾಗ ಕೊಡುವುದು ಅಂದರೆ ಇದು.

ಈಗಿನ ಪಾಪ್‌ನಲ್ಲಿ ಇದನ್ನು ತುಂಬ ಲೆಕ್ಕ ಹಾಕಿ ಮಾಡುವವರು ಟೇಲರ್ ಸ್ವಿಫ್ಟ್. ಅವರ ಹಾಡು ನಿಮಗೆ ಇಷ್ಟವೋ ಇಲ್ಲವೋ ಬೇರೆ ಮಾತು, ಕವರ್‌ಗಳನ್ನು ಸಾಲಾಗಿ ಇಟ್ಟು ನೋಡಿ. 2017ರ ‘ರೆಪ್ಯುಟೇಷನ್’ ಕವರ್ ಕಪ್ಪು ಬಿಳುಪು. ಮುಖದ ಒಂದು ಬದಿಯ ಮೇಲೆಲ್ಲ ಪೇಪರಿನ ಅಚ್ಚಿನಲ್ಲಿ ಅವರದೇ ಹೆಸರು ಮತ್ತೆ ಮತ್ತೆ ಬಿದ್ದಿದೆ. ಜನ ನನ್ನ ಬಗ್ಗೆ ಆಡಿಕೊಂಡಿದ್ದು ನನ್ನ ಮುಖವನ್ನೇ ಮುಚ್ಚಿದೆ ಅನ್ನುವ ದೂರು ಒಂದು ಅಕ್ಷರ ಓದದೆಯೂ ಗೊತ್ತಾಗುತ್ತದೆ. 2020ರ ಜುಲೈನಲ್ಲಿ, ಲಾಕ್‌ಡೌನ್ ಮಧ್ಯೆ, ‘ಫೋಕ್‌ಲೋರ್’ ಬಂತು. ಮತ್ತೆ ಕಪ್ಪು ಬಿಳುಪು, ಆದರೆ ಈ ಸಲ ಕಾಡು. ಎತ್ತರದ ಮರಗಳು, ಮಂಜು, ಕೆಳಗೆ ಎಲ್ಲೋ ಒಂದು ಸಣ್ಣ ಆಕೃತಿ. ಮುಖ ಕಾಣುವುದಿಲ್ಲ. ಜಗತ್ತಿಗೆಲ್ಲ ಗೊತ್ತಿರುವ ಮುಖವನ್ನು ಮಾರಾಟಕ್ಕೆ ಇಡದೆ ಬಿಡುವುದು ಸುಮ್ನೆ ಅಲ್ಲ.

ಯಾಕೆ ಹಾಗೆ ಮಾಡಿದರು? ಆ ಆಲ್ಬಮ್ಮಿನಲ್ಲಿ ‘ನಾನು’ ಅನ್ನುವುದು ಪ್ರತಿ ಸಲವೂ ಅವರೇ ಅಲ್ಲ. ಒಂದು ಹಳೆಯ ಪ್ರೇಮದ ಕಥೆಯನ್ನು ಮೂರು ಹಾಡುಗಳಲ್ಲಿ ಮೂರು ಜನರ ಬಾಯಲ್ಲಿ ಹೇಳಿಸಿದ್ದಾರೆ, ಅದರಲ್ಲಿ ಒಬ್ಬ ಹುಡುಗ. ಕವರ್ ಮೇಲೆ ದೊಡ್ಡ ಮುಖ ಇದ್ದಿದ್ದರೆ ಕೇಳುಗ ಆ ಹುಡುಗನ ಹಾಡನ್ನೂ ಅವರ ಆತ್ಮಕಥೆ ಅಂತಲೇ ಕೇಳುತ್ತಿದ್ದ. ಕಾಡಿನಲ್ಲಿ ಹಾಡುಗಾರ್ತಿಯನ್ನು ಸಣ್ಣದು ಮಾಡಿದ್ದರಿಂದ ಕಥೆಗೆ ಜಾಗ ಸಿಕ್ಕಿತು. ಅದೇ ವರ್ಷ ಡಿಸೆಂಬರಿನಲ್ಲಿ ‘ಎವರ್‌ಮೋರ್’ ಬಂತು. ಈಗ ಬಣ್ಣ ಇದೆ, ಆಕೆ ಹತ್ತಿರ ಬಂದಿದ್ದಾರೆ, ಆದರೆ ನಮಗೆ ಬೆನ್ನು. ಹೆಣೆದ ಜಡೆ, ಚೌಕಳಿ ಕೋಟು, ಮುಂದೆ ಮರಗಳು. ಮೊದಲ ಆಲ್ಬಮ್ಮಿನಲ್ಲಿ ಕಾಡು ಹೊಕ್ಕವಳು ಇನ್ನೂ ಒಳಗೆ ಹೋಗುತ್ತಿದ್ದಾಳೆ, ನಾವು ಹಿಂದೆ ಹಿಂದೆ. ಎರಡು ಆಲ್ಬಂಗಳ ನಡುವಿನ ಈ ಕಥೆಯನ್ನು ಹೇಳಿದ್ದು ಹಾಡಲ್ಲ, ಎರಡು ಫೋಟೋ.

ಕವರ್ ಬರೀ ಮುಂದಿನ ಒಂದು ಚಿತ್ರವೂ ಆಗಬೇಕಿಲ್ಲ. ರಾಕ್‌ನಿಂದ ಒಂದು ಉದಾಹರಣೆ: 1973ರ ‘ದಿ ಡಾರ್ಕ್ ಸೈಡ್ ಆಫ್ ದ ಮೂನ್’, ಪಿಂಕ್ ಫ್ಲಾಯ್ಡ್ ತಂಡದ್ದು. ಕಪ್ಪು ಹಿನ್ನೆಲೆಯಲ್ಲಿ ಗಾಜಿನ ಪಟ್ಟಕ (ಪ್ರಿಸಂ), ಒಂದು ಕಡೆಯಿಂದ ಬಿಳಿ ಬೆಳಕು, ಇನ್ನೊಂದು ಕಡೆ ಬಣ್ಣಗಳು. ಇದು ಟೀ ಶರ್ಟುಗಳ ಮೇಲೆ ಎಷ್ಟು ಓಡಾಡಿದೆ ಅಂದರೆ ಒಂದು ಹಾಡೂ ಕೇಳದವರಿಗೂ ಚಿತ್ರ ಗೊತ್ತು. ಅದರಲ್ಲಿ ಟೀ ಶರ್ಟ್ ತೋರಿಸದ ಒಂದು ಸಂಗತಿ ಇದೆ. ರೆಕಾರ್ಡಿನ ಹೊದಿಕೆಯನ್ನು ಪುಸ್ತಕದ ಥರ ಬಿಡಿಸಿದರೆ ಆ ಬಣ್ಣದ ಗೆರೆಗಳು ಒಳಗೂ ಮುಂದುವರಿಯುತ್ತವೆ, ನಡುವೆ ಒಂದು ಗೆರೆ ಇಸಿಜಿ ಥರ ಮೇಲೆ ಕೆಳಗೆ ಹಾರುತ್ತದೆ. ಆಲ್ಬಂ ಶುರುವಾಗುವುದೂ ಮುಗಿಯುವುದೂ ಎದೆಬಡಿತದ ಸದ್ದಿನಲ್ಲೇ. ಹಿಂಬದಿಯಲ್ಲಿ ಪಟ್ಟಕ ತಲೆಕೆಳಗಾಗಿ ಬಂದು ಬಣ್ಣಗಳು ಮತ್ತೆ ಒಂದಾಗುತ್ತವೆ. ಇಂಥ ಹೊದಿಕೆಗಳನ್ನು ಅಂಗಡಿಯಲ್ಲಿ ಒಂದರ ಪಕ್ಕ ಒಂದು ಬಿಡಿಸಿಟ್ಟರೆ ಗೆರೆ ಎಲ್ಲೂ ತುಂಡಾಗದೆ ಹೋಗುತ್ತಲೇ ಇರುತ್ತದೆ. ಚಿತ್ರ ಬಿಡಿಸಿದವರು ಜಾರ್ಜ್ ಹಾರ್ಡಿ, ಯೋಚನೆ ಹಿಪ್ನೋಸಿಸ್ ಎಂಬ ಡಿಸೈನ್ ಗುಂಪಿನದು. ಹೀಗೆ ಮಾಡಿಸಿಕೊಳ್ಳಬೇಕಾದರೆ ಸಂಗೀತ ಮಾಡುವವರೂ ಚಿತ್ರ ಮಾಡುವವರೂ ಒಂದೇ ಟೇಬಲ್ಲಿನಲ್ಲಿ ಕೂತು ಮಾತಾಡಿರಬೇಕು. ನಮ್ಮಲ್ಲಿ ಹಾಡೆಲ್ಲ ಮುಗಿದ ಮೇಲೆ ‘ನಾಳೆಗೆ ಒಂದು ಕವರ್ ಬೇಕಿತ್ತಲ್ಲಾ’ ಅಂತ ಫೋನ್ ಬರುತ್ತದೆ!

ಕೇಳುಗರೂ ಸುಮ್ಮನೆ ಇರುವವರಲ್ಲ. ಬೀಟಲ್ಸ್ ತಂಡದ ‘ಆಬಿ ರೋಡ್’ ಗೊತ್ತಲ್ಲ, ನಾಲ್ವರು ರಸ್ತೆ ದಾಟುವ ಫೋಟೋ. 1969ರ ಆಗಸ್ಟ್ 8ರಂದು ಪೊಲೀಸ್ ಒಬ್ಬರು ಗಾಡಿಗಳನ್ನು ತಡೆದರು, ಫೋಟೋಗ್ರಾಫರ್ ಇಯಾನ್ ಮ್ಯಾಕ್‌ಮಿಲನ್ ರಸ್ತೆ ನಡುವೆ ಏಣಿ ಹತ್ತಿ ತೆಗೆದದ್ದು ಆರೇ ಫೋಟೋ. ಪಾಲ್ ಮೆಕಾರ್ಟ್ನಿ ಬರಿಗಾಲಲ್ಲಿದ್ದರು. ಅಷ್ಟೇ ಸಾಕಾಯಿತು. ಪಾಲ್ ಸತ್ತುಹೋಗಿದ್ದಾರೆ, ಇದು ಅವರ ಶವಯಾತ್ರೆ, ಬಿಳಿ ಬಟ್ಟೆಯವನು ಪಾದ್ರಿ, ಜೀನ್ಸ್ ಹಾಕಿದವನು ಗುಂಡಿ ತೋಡುವವನು ಅಂತ ಜನ ಕಥೆ ಕಟ್ಟಿದರು. ಪಾಲ್ ಇವತ್ತಿಗೂ ಹಾಡುತ್ತಿದ್ದಾರೆ. ಇದರಿಂದ ನಿಮಗೆ ಬೇಕಾದ ಪಾಠ ಇಷ್ಟು: ಚಿತ್ರದಲ್ಲಿ ಒಂದು ಸಣ್ಣ ವಿಷಯ ಲೆಕ್ಕ ತಪ್ಪಿದ ಹಾಗೆ ಇದ್ದರೆ ಕೇಳುಗ ಅಲ್ಲೇ ನಿಲ್ಲುತ್ತಾನೆ. ಎಲ್ಲವೂ ಚಂದ ಇದ್ದರೆ ಮುಂದೆ ಹೋಗುತ್ತಾನೆ.

ಬೀಟಲ್ಸ್ ಮಾತು ಬಂದದ್ದಕ್ಕೆ ಇನ್ನೊಂದು. 1967ರ ಅವರ ‘ಸಾರ್ಜೆಂಟ್ ಪೆಪ್ಪರ್ಸ್’ ಕವರ್ ತುಂಬ ಹೆಸರಾಂತ ಮುಖಗಳ ಗುಂಪು. ಅದರಲ್ಲಿ ಗಾಂಧೀಜಿಯೂ ಇರಬೇಕಿತ್ತು. ಭಾರತದಲ್ಲಿ ಜನ ಬೇಜಾರು ಮಾಡಿಕೊಂಡಾರು ಅಂತ ಅವರ ರೆಕಾರ್ಡ್ ಕಂಪನಿ ಇಎಂಐ ಹೆದರಿ ತೆಗೆಸಿಬಿಟ್ಟಿತು. ತಂಡದ ಜಾರ್ಜ್ ಹ್ಯಾರಿಸನ್ ಸೇರಿಸಿದ ಪರಮಹಂಸ ಯೋಗಾನಂದರು ಮತ್ತು ಅವರ ಗುರುಪರಂಪರೆಯವರು ಮಾತ್ರ ಉಳಿದುಕೊಂಡರು. ಕವರ್ ಏನೂ ಹೇಳುವುದಿಲ್ಲ ಅನ್ನುವವರಿಗೆ ಇದನ್ನು ಹೇಳಿ. ಏನೂ ಹೇಳದಿದ್ದರೆ ಅಷ್ಟು ದೊಡ್ಡ ಕಂಪನಿ ಯಾಕೆ ಹೆದರಬೇಕಿತ್ತು?

ನಮ್ಮ ಕ್ಯಾಸೆಟ್ಟುಗಳ ಕಡೆ ಬರೋಣ. ಭಕ್ತಿಗೀತೆ ಕ್ಯಾಸೆಟ್ಟಿನ ಕವರ್ ನೆನಪಿದೆಯಾ? ದೇವರು ದೊಡ್ಡದಾಗಿ ಮೇಲೆ, ಗಾಯಕರು ಕೆಳಗೆ ದುಂಡನೆಯ ಚೌಕಟ್ಟಿನಲ್ಲಿ, ಪಾಸ್‌ಪೋರ್ಟ್ ಫೋಟೋ ಅಳತೆಯಲ್ಲಿ. ಡಿಸೈನ್ ಓದಿ ಬಂದ ಹುಡುಗರು ಇದನ್ನು ನೋಡಿ ನಗುತ್ತಾರೆ. ನಾನು ನಗುವುದಿಲ್ಲ. ಯಾರು ಯಾರಿಗೆ ಹಾಡುತ್ತಿದ್ದಾರೆ, ಕೇಳುವವರು ಎಲ್ಲಿ ಕೂರಬೇಕು ಅನ್ನುವುದು ಅಂಗೈಗಿಂತ ಸಣ್ಣ ಕಾರ್ಡಿನಲ್ಲಿ ಪಕ್ಕಾ ಇದೆ. ಸುಂದರವಾಗಿ ಇರಲಿಕ್ಕಿಲ್ಲ, ಗೊಂದಲವಂತೂ ಇಲ್ಲ.

ಈಗ ನಿಮ್ಮ ಗೆಳೆಯರ ಮೂರು ಸಲಹೆ.

ಜೋಗ ಬೇಡ. ಜೋಗ ಚಂದ ಇಲ್ಲ ಅಂತಲ್ಲ. ಆ ಚಿತ್ರದಲ್ಲಿ ಆಗಲೇ ಒಂದು ಹಾಡು ಇದೆ. 1978ರಲ್ಲಿ ‘ನಿತ್ಯೋತ್ಸವ’ ಕ್ಯಾಸೆಟ್ ಬಂದ ಮೇಲೆ ಕನ್ನಡದವರು ಜೋಗ ನೋಡಿದ ಕೂಡಲೇ ಅವರ ಕಿವಿಯಲ್ಲಿ ನಿಸಾರ್ ಅಹಮದ್ ಅವರ ಸಾಲು, ಮೈಸೂರು ಅನಂತಸ್ವಾಮಿ ಅವರ ರಾಗ ಶುರುವಾಗುತ್ತದೆ. ನಿಸಾರ್ ನಮ್ಮ ಸಹ್ಯಾದ್ರಿ ಕಾಲೇಜಿನಲ್ಲೇ ಪಾಠ ಮಾಡಿದವರು, ಶಿವಮೊಗ್ಗದವರಿಗಂತೂ ಆ ಹಾಡು ಮನೆ ಹಾಡು. ನೀವು ಜೋಗ ಹಾಕಿದರೆ ಕೇಳುಗ ನಿಮ್ಮ ಹಾಡಿಗೆ ಮೊದಲು ಅದನ್ನು ಕೇಳಿಸಿಕೊಂಡು ಬರುತ್ತಾನೆ. ಇನ್ನೊಂದು ತೊಂದರೆ, ಜೋಗದ ಫೋಟೋ ಬಹುತೇಕ ಎಲ್ಲರೂ ತೆಗೆಯುವುದು ಎದುರಿನ ವ್ಯೂ ಪಾಯಿಂಟಿನಿಂದ. ಅಲ್ಲಿ ನಿಂತವನು ನೋಡಲು ಬಂದವನು. ನಿಮ್ಮ ಹಾಡುಗಳಲ್ಲಿ ಇರುವವನು ಬಿಟ್ಟು ಹೋದವನು. ಇಬ್ಬರೂ ಒಂದೇ ಜಾಗದಲ್ಲಿ ನಿಲ್ಲುವುದಿಲ್ಲ.

ಮುಖ ಹಾಕಬಾರದು ಅಂತೇನಿಲ್ಲ. ಇಂಗ್ಲೆಂಡಿನ ಗಾಯಕಿ ಅಡೆಲ್ ತಮ್ಮ ವಯಸ್ಸನ್ನೇ ಆಲ್ಬಮ್ಮಿನ ಹೆಸರು ಮಾಡಿದರು, 19, 21, 25 ಅಂತ. ಅಲ್ಲಿ ಮುಖವೇ ಕಥೆ, ಅದು ಬೆಳೆಯುವುದನ್ನು ನಾವು ನೋಡುತ್ತೇವೆ. ಅಲ್ಲಿನವರೇ ಆದ ಗಾಯಕ ಡೇವಿಡ್ ಬೋವಿ 1973ರಲ್ಲಿ ಮುಖದ ಮೇಲೆ ಕೆಂಪು ನೀಲಿ ಮಿಂಚು ಬರೆಸಿಕೊಂಡು ಬೇರೆಯೇ ಪಾತ್ರವಾದರು. ನಿಮ್ಮದು ಮೊದಲ ಆಲ್ಬಂ. ಗಿಟಾರ್ ಹಿಡಿದ ಫೋಟೋ ಹೇಳುವುದು ‘ಇವನು ಗಿಟಾರ್ ಬಾರಿಸುತ್ತಾನೆ’ ಅಂತ ಅಷ್ಟೇ. ಅದು ಹಾಡು ಕೇಳಿದರೆ ಗೊತ್ತಾಗುತ್ತದಲ್ಲ.

ಎಐ ಬಗ್ಗೆ ನನಗೆ ಮಡಿಮೈಲಿಗೆ ಏನಿಲ್ಲ. ‘ಮಲೆನಾಡಿನ ಮಳೆ’ ಅಂತ ಕೇಳಿ ನೋಡಿ, ಮಂಜು ಬರುತ್ತದೆ, ಬೆಟ್ಟ ಬರುತ್ತದೆ, ಹೆಂಚಿನ ಮನೆಯೂ ಬರುತ್ತದೆ. ಎಲ್ಲವೂ ಯಾರೋ ರಜೆಗೆ ಬಂದು ತೆಗೆದ ಫೋಟೋದ ಹಾಗೆ. ಹಂಡೆ ಒಲೆಯ ಮೇಲೆ ಒಣಗಲು ಹಾಕಿ ಹೊಗೆ ವಾಸನೆ ಹಿಡಿದ ಯೂನಿಫಾರ್ಮ್ ಅಲ್ಲಿ ಇರುವುದಿಲ್ಲ. ಅದು ಬೇಕು ಅಂತ ಅದಕ್ಕೆ ಹೇಳಬೇಕಾದವರು ನೀವೇ. ಅಷ್ಟು ಗೊತ್ತಿದ್ದರೆ ಕ್ಯಾಮೆರಾ ಹಿಡಿದು ಮನೆಗೇ ಹೋಗಬಹುದು, ಅಲ್ವಾ?

ಹಾಗಾದರೆ ಏನು ಹಾಕಬೇಕು? ನಿಮ್ಮ ಐದೂ ಹಾಡು ನಾನು ಕೇಳಿಲ್ಲ, ಬರೆದಷ್ಟರ ಮೇಲೆ ಹೇಳುತ್ತೇನೆ. ಹಾಡುಗಳಲ್ಲಿ ಮಾತಾಡುತ್ತಿರುವುದು ಮಗ. ಮಳೆ ಅವನ ನೆನಪು, ಫೋನ್ ಎತ್ತಿದ್ದು ಅವನು, ಬಸ್ಸು ಹತ್ತಿದ್ದೂ ಅವನು. ಅಮ್ಮ ಫೋನಿನ ಆಚೆ ಕಡೆ ಇದ್ದಾರೆ, ಅವರಿಗೆ ಒಂದು ಹಾಡಿಲ್ಲ. ಕವರ್ ಅಮ್ಮನ ಕಣ್ಣಿನದಾಗಲಿ.

ನಿಮ್ಮ ಮನೆಯ ದಾರಿಯಲ್ಲಿ ಇನ್ನೂ ದಣಪೆ ಇದೆಯಾ? ಎರಡು ಕಡೆ ತೂತು ಕೊರೆದ ಕಂಬ, ನಡುವೆ ಅಡ್ಡಕ್ಕೆ ಜಾರಿಸುವ ಬಿದಿರಿನ ಗಳ. ಈಗ ಬಹಳ ಕಡೆ ಕಬ್ಬಿಣದ ಗೇಟು ಬಂದಿದೆ, ನಿಮ್ಮಲ್ಲಿ ಇಲ್ಲದಿದ್ದರೆ ನೆಂಟರ ಮನೆಯಲ್ಲಿ ಹುಡುಕಿ. ದಣಪೆ ದಾಟಿದವರು ಗಳ ಮತ್ತೆ ಹಾಕಿ ಹೋಗಬೇಕು, ಇಲ್ಲದಿದ್ದರೆ ದನ ನುಗ್ಗುತ್ತದೆ, ಮನೆಯವರ ಬೈಗುಳ ಗ್ಯಾರಂಟಿ. ಮೇಲಿನ ಒಂದು ಗಳ ಮಾತ್ರ ಒಂದು ತುದಿ ಜಾರಿ ನೆಲಕ್ಕೆ ತಾಗಿದೆ ಅಂದುಕೊಳ್ಳಿ. ಯಾರೋ ಅವಸರದಲ್ಲಿ ಹೋಗಿದ್ದಾರೆ. ಇದನ್ನು ಹೊರಗಿನಿಂದ, ರಸ್ತೆಯಲ್ಲಿ ನಿಂತು ತೆಗೆದರೆ ಹಿಂದೆ ಮನೆ ಕಾಣುತ್ತದೆ, ಅದು ಹೊರಟವನ ನೋಟ, ಹಾಡಿನಲ್ಲಿ ಇರುವುದನ್ನೇ ಮತ್ತೆ ಹೇಳಿದ ಹಾಗೆ. ಒಳಗಿನಿಂದ, ಜಗಲಿ ಎತ್ತರದಲ್ಲಿ ಕ್ಯಾಮೆರಾ ಇಟ್ಟು ತೆಗೆಯಿರಿ. ಮುಂದೆ ಒದ್ದೆ ಅಂಗಳ, ಜಾರಿದ ಗಳ, ಆಚೆ ಖಾಲಿ ದಾರಿ. ಯಾರೂ ಬೇಡ. ಬಸ್ಸೂ ಬೇಡ. ಮೊದಲ ಸಲ ಕೇಳುವವನಿಗೆ ಇದು ಬರೀ ಮಳೆಗಾಲದ ಅಂಗಳ. ಕೊನೆಯ ಹಾಡು ಮುಗಿಸಿ ಫೋನ್ ನೋಡಿದಾಗ, ಗಳ ಹಾಕದೆ ಹೋದವನು ಯಾರು, ಇಲ್ಲಿ ನಿಂತು ನೋಡುತ್ತಿರುವವರು ಯಾರು ಅಂತ ಅವನಿಗೇ ಹೊಳೆಯುತ್ತದೆ. ಆಗ ಮಧ್ಯದ ಫೋನಿನ ಹಾಡು ಅವನಿಗೆ ಬೇರೆ ಥರ ಕೇಳಿಸುತ್ತದೆ. ನೀವು ಕೇಳಿದ ‘ಅರ್ಥ ಬದಲಿಸುವುದು’ ಅಂದರೆ ಇದೇ.

ಆಲ್ಬಮ್ಮಿಗೆ ಮೊದಲು ಎರಡು ಮೂರು ಹಾಡನ್ನು ಬಿಡಿಯಾಗಿ ಬಿಡುವ ಯೋಚನೆ ಇದ್ದರೆ ಪ್ರತಿಯೊಂದಕ್ಕೂ ಬೇರೆ ಬೇರೆ ಚಿತ್ರ ಹುಡುಕಬೇಡಿ. ಅದೇ ದಣಪೆ, ಅದೇ ಜಾಗದಿಂದ, ಬೇರೆ ಹೊತ್ತಿನಲ್ಲಿ ತೆಗೆಯಿರಿ. ಮೊದಲನೆಯದರಲ್ಲಿ ಎಲ್ಲ ಗಳವೂ ಸರಿಯಾಗಿ ಇರಲಿ.

ತೆಗೆಯುವಾಗ ಎರಡು ಮಾತು ನೆನಪಿಡಿ. ಮಲೆನಾಡಿನ ಹಸಿರು ಕಣ್ಣಿಗೆ ನೂರು ಥರ ಕಾಣುತ್ತದೆ, ಫೋಟೋ ಸಣ್ಣದಾದಾಗ ಎಲ್ಲ ಸೇರಿ ಕಪ್ಪು ಮುದ್ದೆಯಾಗುತ್ತದೆ. ತೋಟ ಹಿಂದೆ ಬಂದರೆ ಕಥೆ ಮುಗಿಯಿತು. ಗಳದ ಹಿಂದೆ ದಾರಿಯ ಕೆಮ್ಮಣ್ಣೋ ಆಕಾಶದ ಬೂದು ಬಣ್ಣವೋ ಬರುವ ಹಾಗೆ ನಿಲ್ಲಿ, ಆಗ ಗೆರೆ ಎದ್ದು ಕಾಣುತ್ತದೆ. ಮಳೆ ಸುರಿಯುವಾಗ ಬೇಡ, ನಿಂತ ಕೂಡಲೇ ತೆಗೆಯಿರಿ. ಮಣ್ಣಿನ ಕೆಂಪು ಆಗಲೇ ಜಾಸ್ತಿ. ತೆಗೆದದ್ದನ್ನು ಫೋನಿನಲ್ಲಿ ಹೆಬ್ಬೆರಳ ಉಗುರಿನಷ್ಟು ಮಾಡಿ, ಸಂಗೀತದ ಗಂಧಗಾಳಿ ಇಲ್ಲದವರಿಗೆ ತೋರಿಸಿ ಏನು ಕಾಣುತ್ತದೆ ಅಂತ ಕೇಳಿ. ‘ಗಳ ಬಿದ್ದಿದೆಯಲ್ಲ’ ಅಂದರೆ ಪಾಸ್.

ಅಕ್ಷರದ ವಿಷಯದಲ್ಲಿ ಕನ್ನಡದವರಿಗೆ ಇಂಗ್ಲಿಷಿನವರಿಗಿಲ್ಲದ ಒಂದು ತಲೆನೋವು ಇದೆ, ಒತ್ತಕ್ಷರ. ದೊಡ್ಡದಾಗಿ ಬರೆದಾಗ ಅದೇ ನಮ್ಮ ಲಿಪಿಯ ಚಂದ. ಸಣ್ಣದಾದಾಗ ಕೆಳಗಿನ ಒತ್ತು ತುಂಬಿಕೊಂಡು ಚುಕ್ಕೆಯಾಗುತ್ತದೆ, ಎರಡು ಸಾಲು ಇದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಹೋಗಿ ತಾಗುತ್ತದೆ. ಆಲ್ಬಮ್ಮಿನ ಹೆಸರು ಇನ್ನೂ ಪಕ್ಕಾ ಆಗಿಲ್ಲದಿದ್ದರೆ ಒತ್ತು ಕಡಿಮೆ ಇರುವ ಚಿಕ್ಕ ಹೆಸರು ನೋಡಿ. ಆಗಿದ್ದರೆ ಒಂದೇ ಸಾಲಿನಲ್ಲಿ ಬರೆಯಿರಿ. ಅಥವಾ ಬರೆಯಲೇಬೇಡಿ. ‘ಆಬಿ ರೋಡ್’ ಮುಂಬದಿಯಲ್ಲಿ ತಂಡದ ಹೆಸರೂ ಇಲ್ಲ, ಆಲ್ಬಮ್ಮಿನ ಹೆಸರೂ ಇಲ್ಲ. ಆಪ್‌ನಲ್ಲಿ ಹೇಗೂ ಚಿತ್ರದ ಪಕ್ಕದಲ್ಲೇ ಹೆಸರು ಬರುತ್ತದೆ. ಹಳೆಯ ಫೋಟೋಶಾಪ್‌ನಲ್ಲಿ ಬರೆಯುವುದಾದರೆ ಸೆಟ್ಟಿಂಗ್ಸ್‌ನಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆ ಆನ್ ಮಾಡಿಕೊಳ್ಳಿ, ಇಲ್ಲದಿದ್ದರೆ ಒತ್ತು ಕಳಚಿಕೊಂಡು ಪಕ್ಕಕ್ಕೆ ಬಂದು ಕೂರುತ್ತದೆ. ಹೀಗೆ ಒಡೆದ ಅಕ್ಷರದಲ್ಲೇ ಬಿಡುಗಡೆಯಾದ ಹಾಡುಗಳನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಉಳಿದದ್ದು ಲೆಕ್ಕಾಚಾರ. ಸ್ಟ್ರೀಮಿಂಗ್‌ಗೆ ಸರಿಚೌಕ ಬೇಕು, 3000 ಪಿಕ್ಸೆಲ್ ಅಗಲ, 3000 ಎತ್ತರ ಇಟ್ಟುಕೊಂಡರೆ ಎಲ್ಲೂ ತೊಂದರೆ ಇಲ್ಲ. ನಮ್ಮ ಪೋಸ್ಟರ್ ಅಭ್ಯಾಸ ಅಲ್ಲಿ ನಡೆಯುವುದಿಲ್ಲ. ಫೋನ್ ನಂಬರ್, ಇನ್‌ಸ್ಟಾಗ್ರಾಂ ವಿಳಾಸ, ಪ್ರಾಯೋಜಕರ ಲೋಗೋ ಹಾಕಿದರೆ ವಾಪಸ್ ಕಳಿಸುತ್ತಾರೆ. ಯೂಟ್ಯೂಬ್‌ಗೆ ಅಡ್ಡ ಚಿತ್ರ ಬೇರೆಯೇ ಬೇಕು, ಬಲಗಡೆ ಕೆಳಗಿನ ಮೂಲೆಯಲ್ಲಿ ಹಾಡಿನ ಸಮಯ ಕೂರುವುದರಿಂದ ನಿಮ್ಮ ಜಾರಿದ ಗಳದ ತುದಿ ಆ ಮೂಲೆಗೆ ಬರದ ಹಾಗೆ ನೋಡಿಕೊಳ್ಳಿ.

ನೀವು ಕೇಳದ ಒಂದು ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ಸಾಗರದ ಕಡೆಯವರು ಕವರ್ ಅಂದಾಗ ಯಾರಾದರೂ ಒಬ್ಬರು ‘ಸುತ್ತ ಹಸೆ ಚಿತ್ತಾರದ ಬಾರ್ಡರ್ ಹಾಕಿಬಿಡು’ ಅಂದೇ ಅನ್ನುತ್ತಾರೆ. ದೀವರ ಸಮುದಾಯದ ಹೆಂಗಸರು ಕೆಮ್ಮಣ್ಣಿನ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿ ನಾರಿನ ಕುಂಚ ಹಿಡಿದು ಎಳೆಯುವ ಗೆರೆಗಳು ಅವು. ಮದುವೆಯಲ್ಲಿ ಹಸೆಗೆ ಹಾಡೂ ಇದೆ, ಚಿತ್ರ ಹಾಡು ಎರಡೂ ಒಂದೇ ಶಾಸ್ತ್ರದ ಭಾಗ. ಅದನ್ನು ಇಂಟರ್‌ನೆಟ್ಟಿನಿಂದ ಇಳಿಸಿ ಅಂಚಿಗೆ ಅಂಟಿಸಿದರೆ ಸೀರೆ ಬಾರ್ಡರ್ ಆಗುತ್ತದೆ, ಅಷ್ಟೇ. ನಿಮ್ಮ ಆಲ್ಬಮ್ಮಿನಲ್ಲಿ ಮದುವೆ ಮನೆಯೂ ಇಲ್ಲ. ಮುಂದೆ ಎಂದಾದರೂ ಹಸೆ ಬೇಕೇ ಬೇಕು ಅನ್ನಿಸುವ ಹಾಡು ಮಾಡಿದರೆ, ಚಿತ್ತಾರ ಬರೆಯುವವರ ಮನೆಗೆ ಹೋಗಿ ಹಾಡು ಕೇಳಿಸಿ, ಅವರ ಕೈಯಲ್ಲೇ ಹೊಸದಾಗಿ ಬರೆಸಿ. ದುಡ್ಡು ಮೊದಲೇ ಮಾತಾಡಿ. ಹಾಡಿನ ವಿವರದಲ್ಲಿ ಗಿಟಾರ್ ಬಾರಿಸಿದವರ ಹೆಸರು ಇರುವ ಸಾಲಿನಲ್ಲೇ ಅವರ ಹೆಸರನ್ನೂ ಹಾಕಿ.